ತಂತಿ ಕಳಚಿದ ಕಥೆ

ಬೇಸಗೆಯ ರಜ ಬಂದಿತೆಂದರೆ ಹುಣಸೂರಿನ ನಮ್ಮ ಮನೆಗೆ ಕೃಷ್ಣರಾಜನಗರದಿಂದ ಒಬ್ಬ ಮೊಮ್ಮಗ, ಹೆಗ್ಗಡದೇವನಕೋಟೆಯಿಂದ ಒಬ್ಬಳು ಮೊಮ್ಮಗಳು ಬಂದಿಳಿಯುತ್ತಾರೆ. ಪಿರಿಯಾಪಟ್ಟಣದ ಅಳಿಯಂದಿರು, ಹೊಗೆಸೊಪ್ಪಿಗೆ ಒಳ್ಳೆಯ ಬೆಲೆ ಬಂದ ವರ್ಷ, ಮಕ್ಕಳಿಗೆಂದು ಕೊಡಿಸಿದ ಗೇಮ್ ಕನ್ಸೋಲ್ ಒಂದು ನಮ್ಮ ಟಿ.ವಿ.ಯ ಕೆಳಗಿದೆ. ಅದಕ್ಕೆ ಎರಡು ಕಂಟ್ರೋಲರುಗಳು. ಈ ಸಲ ಅವುಗಳಲ್ಲೊಂದು ಕೆಟ್ಟಿತು. "ತಾತ, ನಾನು ಮುಟ್ಟದೇ ಇದ್ರೂ ಇವನು ಎಡಕ್ಕೇ ಹೋಗ್ತಾನಲ್ಲ!" ಎಂದು ಹುಡುಗಿ ಅಳುಮೋರೆ ಹಾಕಿದಳು. ಇಬ್ಬರ ಆಟ ಒಬ್ಬನದಾಯಿತು. ಇನ್ನೊಬ್ಬಳು ನೋಡುತ್ತ ಕೂತಳು. ಕನ್ಸೋಲ್ ಮಾಡಿದ ಕಂಪನಿಯದೇ ಹೊಸ ಕಂಟ್ರೋಲರಿಗೆ ಐದು ಸಾವಿರ ರೂಪಾಯಿಗೂ ಮೇಲೆ. ಹೊರಗಿನವರು ಮಾಡಿದ್ದು ಅದರ ಅರ್ಧಕ್ಕೂ ಕಡಿಮೆಗೆ ಸಿಕ್ಕುತ್ತದೆ. ಆದರೆ ನಂಬುವುದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿದ ನನಗೆ ಕಂಟ್ರೋಲರಿಗಿಂತ ಮೊದಲು ಸಿಕ್ಕಿದ್ದು ಅದರ ಇತಿಹಾಸ.

ಮನೆಯ ಟಿ.ವಿ.ಗೆ ಜೋಡಿಸಿ ಆಡುವ ಮೊದಲ ಕನ್ಸೋಲ್, ರಾಲ್ಫ್ ಬೇಯರ್ ಎಂಬವರ ಕಲ್ಪನೆಯ ಮ್ಯಾಗ್ನವಾಕ್ಸ್ ಒಡಿಸ್ಸಿ, ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು 1972ರಲ್ಲಿ. 1977ರಲ್ಲಿ ಬಂದ ಅಟಾರಿ ಕನ್ಸೋಲಿನ ಜಾಯ್‌ಸ್ಟಿಕ್ಕಿನ ತಂತಿ ಒಂಬತ್ತು ಪಿನ್ನುಗಳ ಸಾಮಾನ್ಯ ಪ್ಲಗ್ಗಿನಲ್ಲಿ ಮುಗಿಯುತ್ತಿತ್ತು. ಅಂಥ ಪ್ಲಗ್ಗು ಯಾರಿಗೆ ಬೇಕಾದರೂ ಸಿಕ್ಕುವ ಸಾಮಾನು. ಹೊರಗಿನವರು ತಮ್ಮ ಜಾಯ್‌ಸ್ಟಿಕ್ಕುಗಳನ್ನು ಮಾಡಿ ಮಾರತೊಡಗಿದರು. 1982ರ ಕಮೋಡೋರ್ 64 ಕಂಪ್ಯೂಟರಿಗೂ ಅವೇ ಹೊಂದಿದವು. ತೆರೆದಿಟ್ಟ ಒಂದು ಸಾಕೆಟ್ಟಿನಿಂದ ಈ ವ್ಯಾಪಾರ ಹೀಗೆ ಬೆಳೆಯಿತು.

ಆದರೆ ಪ್ಲಗ್ಗು ಹೊಂದಿದರೆ ಸಾಲದು, ಭಾಷೆಯೂ ಹೊಂದಬೇಕು. 1990ರ ದಶಕದಲ್ಲಿ ನಮ್ಮ ಕಡೆಯ ಮನೆಗಳಿಗೆ ಬಂದ, ಕ್ಯಾಸೆಟ್ ಹಾಕಿ ಆಡುವ ಟಿ.ವಿ. ಗೇಮುಗಳು ವಾಚಕರಿಗೆ ನೆನಪಿರಬಹುದು. ಅವುಗಳಲ್ಲಿ ಬಹಳಷ್ಟು, ಜಪಾನಿನ ನಿಂಟೆಂಡೊ 1983ರಲ್ಲಿ ಹೊರತಂದ ಫ್ಯಾಮಿಕಾಮ್ ಕನ್ಸೋಲಿನ ನಕಲುಗಳು. ಹಲವಕ್ಕೆ ಅದೇ ಒಂಬತ್ತು ಪಿನ್ನಿನ ಪ್ಲಗ್ಗು. ಒಳಗಿನ ಸಂಕೇತ ಮಾತ್ರ ಬೇರೆ. ಅಟಾರಿಯ ಜಾಯ್‌ಸ್ಟಿಕ್ಕು ಅದರೊಳಗೆ ಸೇರುತ್ತಿತ್ತು, ಆಟ ನಡೆಯುತ್ತಿರಲಿಲ್ಲ.

ಇನ್ನು ತಂತಿಯ ಮಾತು. 1983ರಲ್ಲಿಯೇ ಅಟಾರಿ ರೇಡಿಯೋ ಅಲೆಯ ಜಾಯ್‌ಸ್ಟಿಕ್ಕನ್ನು ಮಾರಿತ್ತು. ಬ್ಯಾಟರಿ ತುಂಬಿದ ಅದರ ಬುಡ ಮಕ್ಕಳ ಕೈಗೆ ಭಾರವೇ. 1989ರಲ್ಲಿ ನಿಂಟೆಂಡೊ, ಟಿ.ವಿ. ರಿಮೋಟಿನಲ್ಲಿರುವಂಥ ಅವಗೆಂಪು ಬೆಳಕನ್ನು ಬಳಸಿತು. ಬೆಳಕಿಗೆ ಅಡ್ಡವಾಗಿ ಯಾರಾದರೂ ನಿಂತರೆ ಆಟಕ್ಕೂ ಅಡ್ಡಿ. 2002ರಲ್ಲಿ ಅದೇ ಕಂಪನಿಯ ವೇವ್‌ಬರ್ಡ್ ಎಂಬ ಕಂಟ್ರೋಲರ್ 2.4 ಗಿಗಾಹರ್ಟ್ಸ್ ರೇಡಿಯೋ ಅಲೆಯನ್ನು ಹಿಡಿದು ಬಂದ ಮೇಲೆ, ತಂತಿಯಿಲ್ಲದೆಯೂ ಚೆನ್ನಾಗಿ ಆಡಬಹುದೆಂಬ ನಂಬಿಕೆ ಬಲಿಯಿತು.

ಆದರೆ ಅಲೆ ಯಾರ ಸ್ವತ್ತು? ಮೈಸೂರಿನಲ್ಲಿ 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 30 ವ್ಯಾಟಿನ ಪ್ರಸಾರ ಯಂತ್ರದಿಂದ 'ಆಕಾಶವಾಣಿ'ಯನ್ನು ಆರಂಭಿಸಿದ್ದು ನಮ್ಮ ಜಿಲ್ಲೆಯ ಹೆಮ್ಮೆ. ಆಗಲೇ ಬ್ರಿಟಿಷ್ ಇಂಡಿಯಾದಲ್ಲಿ 1933ರ ಕಾಯಿದೆ ಜಾರಿಯಲ್ಲಿತ್ತು. ನಿಸ್ತಂತು ಯಂತ್ರವನ್ನು ಲೈಸೆನ್ಸಿಲ್ಲದೆ ಮನೆಯಲ್ಲಿಡುವುದೇ ಅಪರಾಧ. ಸ್ವಾತಂತ್ರ್ಯ ಬಂದ ಮೇಲೂ ಹಾಡು ಕೇಳುವ ರೇಡಿಯೋಗೆ ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಹಣ ಕಟ್ಟಬೇಕಿತ್ತು. ಆ ಪದ್ಧತಿ ರದ್ದಾದದ್ದು 1980ರ ದಶಕದಲ್ಲಿ. 2.4 ಗಿಗಾಹರ್ಟ್ಸ್ ಅಲೆಯನ್ನು ಕಡಿಮೆ ಶಕ್ತಿಯ ಯಂತ್ರಗಳು ಲೈಸೆನ್ಸಿಲ್ಲದೆ ಬಳಸಬಹುದೆಂದು ಭಾರತ ಸರ್ಕಾರ ತೆರೆದಿಟ್ಟದ್ದು 2005ರಲ್ಲಿ. ಯೋಚಿಸಿದರೆ, ನನ್ನ ಮೊಮ್ಮಗಳ ಕೈಯಲ್ಲಿರುವುದೂ ಒಂದು ಪ್ರಸಾರ ಕೇಂದ್ರವೇ. ಆ ಬಾಗಿಲು ತೆರೆಯದಿದ್ದರೆ ಅಗ್ಗದ ಕಂಟ್ರೋಲರ್ ನಮ್ಮ ತಾಲ್ಲೂಕುಗಳಿಗೆ ಬರುವ ದಾರಿಯೇ ಇರಲಿಲ್ಲ.

ಕೆಟ್ಟ ಕಂಟ್ರೋಲರಿನ ರೋಗವೂ ನನಗೆ ಹಳೆಯ ಪರಿಚಯದ್ದೇ. ಹಳೆಯ ರೇಡಿಯೋದ ವಾಲ್ಯೂಮ್ ತಿರುಪು ಸವೆದಾಗ ಕರಕರ ಎನ್ನುತ್ತಿದ್ದುದು, ಒಳಗಿನ ಇಂಗಾಲದ ಪಟ್ಟಿ ಉಜ್ಜಿ ಉಜ್ಜಿ ಹಾಳಾದದ್ದರಿಂದ. ಕಂಟ್ರೋಲರಿನ ಕಡ್ಡಿಯ ಕೆಳಗೂ ಸಾಮಾನ್ಯವಾಗಿ ಅಂಥದೇ ಪಟ್ಟಿ. ಅದು ಸವೆದರೆ, ಯಾರೂ ಮುಟ್ಟದಿದ್ದರೂ ಆಟದ ಮನುಷ್ಯ ನಡೆಯುತ್ತಾನೆ. ಇದಕ್ಕೆ ಮದ್ದು, 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಅಯಸ್ಕಾಂತದ ಗುಣ. ಒಂದನ್ನೊಂದು ಉಜ್ಜದೆಯೇ ಕಡ್ಡಿಯ ಸ್ಥಾನ ತಿಳಿಯುತ್ತದೆ. ಸೆಗಾ ಕಂಪನಿ 1998ರ ಡ್ರೀಮ್‌ಕಾಸ್ಟ್‌ನಲ್ಲಿ ಇದನ್ನು ಬಳಸಿತ್ತು. ಆಮೇಲೆ ದೊಡ್ಡ ಕಂಪನಿಗಳು ಸಾಮಾನ್ಯ ಕಂಟ್ರೋಲರುಗಳಲ್ಲಿ ಸವೆಯುವ ಪಟ್ಟಿಯನ್ನೇ ಉಳಿಸಿಕೊಂಡಿರಲು, 2020ರ ಈಚೆಗೆ ಹೊರಗಿನ ತಯಾರಕರು ಅಗ್ಗದ ಮಾಲಿನಲ್ಲೂ 'ಹಾಲ್ ಎಫೆಕ್ಟ್' ಕಡ್ಡಿಗಳನ್ನು ಕೊಡತೊಡಗಿದರು. ಹೊರಗಿನದೆಲ್ಲ ಕೀಳೆಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ಹಾಗೆಂದು ಬಾಗಿಲುಗಳೆಲ್ಲ ತೆರೆದೇ ಇವೆಯೆಂದೂ ಅಲ್ಲ. 2023ರ ಕೊನೆಯಲ್ಲಿ ಮೈಕ್ರೋಸಾಫ್ಟ್, ತನ್ನ ಒಪ್ಪಿಗೆಯಿಲ್ಲದ ಸಾಮಾನುಗಳನ್ನು ಎಕ್ಸ್‌ಬಾಕ್ಸ್ ತಿರಸ್ಕರಿಸುವಂತೆ ಮಾಡಿತು. ನಿನ್ನೆಯವರೆಗೆ ಆಡುತ್ತಿದ್ದ ಕಂಟ್ರೋಲರುಗಳು ಮೂಲೆ ಸೇರಿದವು. ಪ್ಲೇಸ್ಟೇಷನ್ 5 ತನ್ನ ಹೊಸ ಆಟಗಳಿಗೆ ಸ್ವಂತ ಕಂಪನಿಯ ಹಿಂದಿನ ಕಂಟ್ರೋಲರನ್ನೂ ಒಪ್ಪುವುದಿಲ್ಲ. ಸಾಕೆಟ್ಟು ಮುಚ್ಚಿದಲ್ಲಿ, ಅಲೆ ಮುಚ್ಚಿದಲ್ಲಿ, ಮೊದಲು ಹೊರಗುಳಿಯುವವನು ಕೈ ಬಿಗಿ ಹಿಡಿದು ಖರ್ಚುಮಾಡುವವನೇ.

ಇಷ್ಟು ತಿಳಿಯುವ ಮೊದಲೇ ನಾನು ಮೈಸೂರಿಗೆ ಹೋಗಿ, "ಎಲ್ಲಕ್ಕೂ ಆಗುತ್ತೆ ಸಾರ್" ಎಂಬ ಅಂಗಡಿಯವನ ಮಾತು ನಂಬಿ, ಒಂದನ್ನು ತಂದಿದ್ದೆ. ಅದು ಕಂಪ್ಯೂಟರಿಗೆ ಆಯಿತು. ನಮ್ಮ ಕನ್ಸೋಲಿಗೆ ಆಗಲಿಲ್ಲ. ಹೋಗಿಬರುವ ಬಸ್ಸಿನ ಖರ್ಚು, ಒಂದು ದಿನ, ಎರಡೂ ವ್ಯರ್ಥ. ಎರಡನೆಯ ಸಲ ಡಬ್ಬಿಯ ಮೇಲೆ ನಮ್ಮ ಕನ್ಸೋಲಿನ ಹೆಸರನ್ನು ಓದಿದೆ, ತಂತಿಯಿಲ್ಲದೆಯೇ ಅದಕ್ಕೆ ಕೂಡುತ್ತದೆಯೇ ಎಂದು ಕೇಳಿದೆ, 'ಹಾಲ್ ಎಫೆಕ್ಟ್' ಎಂಬ ಮಾತು ಹುಡುಕಿದೆ, ಆಗದಿದ್ದರೆ ವಾಪಸು ಪಡೆಯುವುದಾಗಿ ಬಿಲ್ಲಿನ ಮೇಲೆ ಬರೆಸಿಕೊಂಡೆ. ಬೆಲೆಯನ್ನು ಕೇಳಿದ್ದು ಎಲ್ಲಕ್ಕಿಂತ ಕೊನೆಗೆ.

ಆ ಸಂಜೆ ಮೊಮ್ಮಕ್ಕಳನ್ನು ಕೂರಿಸಿಕೊಂಡು ಗೋಪಾಲಸ್ವಾಮಿಯವರ ಕಥೆ ಹೇಳಹೋದೆ. ಇಬ್ಬರೂ ಕೇಳಲಿಲ್ಲ. ಇಬ್ಬರ ಕೈಗೂ ಕೆಲಸವಿತ್ತು.