ತೋಟಾ ನಿಂತ ಮೇಲೆ ಉಳಿದ ರೈಫಲ್‌ಗಳು

ಕೆನ್ನೆತ್ ಆಂಡರ್ಸನ್ ಅವರ ಕಾಡಿನ ಕತೆಗಳನ್ನು ತೇಜಸ್ವಿಯವರ ಕನ್ನಡದಲ್ಲಿ ಓದಿದವರಿಗೆ ಆ ಬೆಂಗಳೂರಿನ ಬೇಟೆಗಾರನ ಕೈಯಲ್ಲಿದ್ದ ರೈಫಲ್ ನೆನಪಿರಬಹುದು. ಅದು ಅಮೆರಿಕದ ವಿಂಚೆಸ್ಟರ್ ಕಂಪನಿಯ 1895ರ ಮಾದರಿ, .405 ಕ್ಯಾಲಿಬರಿನದು. ಕ್ಯಾಲಿಬರ್ ಎಂದರೆ ನಳಿಗೆಯ ಒಳ ಅಳತೆ, ಅಂಗುಲದ ಲೆಕ್ಕದಲ್ಲಿ. 1904ರಲ್ಲಿ ಬಂದ .405 ತೋಟಾವನ್ನು ಅಧ್ಯಕ್ಷ ಪದವಿಯಿಂದ ಇಳಿದ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕದ ಬೇಟೆಗೆ ಒಯ್ದು ಹೆಸರುವಾಸಿ ಮಾಡಿದರು. ಆದರೆ 1930ರ ದಶಕದಲ್ಲಿ ಆ ರೈಫಲ್‌ನ ತಯಾರಿಕೆ ನಿಂತಿತು, 1950ರ ದಶಕದಲ್ಲಿ ತೋಟಾದ ತಯಾರಿಕೆಯೂ ನಿಂತಿತು. ಅದನ್ನು ಇಟ್ಟುಕೊಂಡವರಿಗೆ ಅಲ್ಲಿಂದ ಮುಂದೆ ಪೆಟ್ಟಿಗೆಯಲ್ಲಿ ಎಷ್ಟು ತೋಟಾ ಉಳಿದಿವೆಯೋ ಅಷ್ಟೇ ಅದರ ಆಯುಸ್ಸು.

ವಿಚಿತ್ರವೆಂದರೆ, ಅದಕ್ಕಿಂತ ಎಷ್ಟೋ ಹಳೆಯ ತಂತ್ರದ ಕೇಪಿನ ಕೋವಿಗೆ ಈ ಕಷ್ಟವಿಲ್ಲ. ಮಲೆನಾಡು, ಕೊಡಗಿನ ಮನೆಗಳಲ್ಲಿ ಈಗಲೂ ಕಾಣಸಿಗುವ ಈ ಕೋವಿಗೆ ಮದ್ದು, ಚರೆ, ಕೇಪು ಮೂರನ್ನೂ ಬೇರೆ ಬೇರೆಯಾಗಿ ಒದಗಿಸುತ್ತಾರೆ. ನಳಿಗೆಯ ಬಾಯಿಂದ ಮದ್ದು ಸುರಿದು, ಚರೆ ಹಾಕಿ, ಸರಳಿನಿಂದ ಜಡಿದು, ಹಿಂದೆ ಕೇಪು ಕೂರಿಸಿದರೆ ಈಡು ಸಿದ್ಧ. ನಳಿಗೆ ಕೊಂಚ ಅಗಲವಾದರೂ ಕಿರಿದಾದರೂ ನಡೆಯುತ್ತದೆ. ತೋಟಾ ಕೋವಿಯ ಸಂಗತಿ ಹಾಗಲ್ಲ. ಹಿತ್ತಾಳೆ ಕೇಸಿನೊಳಗೆ ಮದ್ದು, ತುದಿಯಲ್ಲಿ ಗುಂಡು, ಬುಡದಲ್ಲಿ ಕೇಪು ಎಲ್ಲವೂ ಒಂದಾಗಿ ಕಾರ್ಖಾನೆಯಿಂದಲೇ ಬರುತ್ತವೆ. ಕೇಸಿನ ಉದ್ದ, ಭುಜ, ಅಂಚು ಆ ರೈಫಲ್‌ಗೆ ಕೂದಲೆಳೆಯಷ್ಟೂ ತಪ್ಪದೆ ಹೊಂದಬೇಕು. ತೋಟಾ ಕೋವಿಗೆ ವೇಗ ತಂದುಕೊಟ್ಟಿತು, ಜೊತೆಗೇ ಅದನ್ನು ದೂರದ ಕಾರ್ಖಾನೆಗೂ ಸರ್ಕಾರಕ್ಕೂ ಕಟ್ಟಿಹಾಕಿತು.

ಭಾರತದಲ್ಲಿ ಈ ಕಟ್ಟು ಎಷ್ಟು ಬಿಗಿಯಾಗಿತ್ತು ಎಂಬುದಕ್ಕೆ 1857ರ ನಂತರದ ಚರಿತ್ರೆ ನೋಡಬೇಕು. ದಂಗೆಗೆ ಕಿಡಿ ಹೊತ್ತಿಸಿದ್ದೇ ಎನ್‌ಫೀಲ್ಡ್ ಕೋವಿಯ ಕೊಬ್ಬು ಸವರಿದ ಕಾಗದದ ತೋಟಾ. ಅದಾದ ಮೇಲೆ ಬ್ರಿಟಿಷರು ಭಾರತೀಯ ಸಿಪಾಯಿಗಳಿಗೆಂದೇ ಅದೇ ಎನ್‌ಫೀಲ್ಡ್‌ನ ನಳಿಗೆಯೊಳಗಿನ ಸುತ್ತುಗೀರು ತೆಗೆದು, ಅಗಲಿಸಿ, ನುಣುಪು ಮಾಡಿದ ಮಾದರಿಯನ್ನು ಕೊಟ್ಟರು. ದೂರಕ್ಕೆ ಗುರಿ ತಪ್ಪಲಿ ಎಂಬುದೇ ಅದರ ಉದ್ದೇಶ. ಮುಂದೆಯೂ ಗೋರಾ ಪಡೆಗೆ ಹೊಸ ರೈಫಲ್ ಬಂದಾಗ ಅವರ ಹಳೆಯದು ಸಿಪಾಯಿಗಳ ಕೈಗೆ ಇಳಿಯುತ್ತಿತ್ತು. 1878ರ ಶಸ್ತ್ರ ಕಾಯ್ದೆ ಸಾಮಾನ್ಯ ಭಾರತೀಯನ ಕೋವಿಗೆ ಪರವಾನಗಿಯ ಬೇಲಿ ಹಾಕಿತು.

1871ರಲ್ಲಿ ಬ್ರಿಟಿಷ್ ಸೇನೆಗೆ ಬಂದ ಮಾರ್ಟಿನಿ ಹೆನ್ರಿ ರೈಫಲ್‌ನ ಗುಂಡು .450 ಅಳತೆಯದು. 1888ರಲ್ಲಿ .303 ಬಂದ ಮೇಲೆ ಮಾರ್ಟಿನಿ ಸೇನೆಗೆ ಹಳತಾಯಿತು, ವಾಯವ್ಯ ಗಡಿಯ ಪಠಾಣರಿಗೆ ಆಗಲಿಲ್ಲ. ಕದ್ದ ಮಾರ್ಟಿನಿಗಳ ಜೊತೆಗೆ ದರ್ರಾ ಆದಮ್ ಖೇಲ್‌ನಂಥ ಊರುಗಳ ಕಮ್ಮಾರರು ತಾವೇ ಮಾಡಿದ ನಕಲುಗಳೂ ಓಡಾಡುತ್ತಿದ್ದವು. ಈಡು ಹಾರಿಸಿದ ಹಿತ್ತಾಳೆ ಕೇಸು ಅಲ್ಲಿ ಕಸವಾಗಿರಲಿಲ್ಲ, ಮತ್ತೆ ತುಂಬಿಸಿಕೊಳ್ಳುವ ಸರಕಾಗಿತ್ತು.

ಅದೇ ಹೊತ್ತಿಗೆ ಲಂಡನ್ನಿನ ಕೋವಿ ತಯಾರಕರು ಆನೆ, ಕಾಟಿಗಳ ಬೇಟೆಗೆಂದು .450ರ ಹೊಸ ಬಲಿಷ್ಠ ರೈಫಲ್‌ಗಳನ್ನು ಭಾರತಕ್ಕೆ ಮಾರುತ್ತಿದ್ದರು. ಆ ಬೇಟೆಯ ತೋಟಾ ಮಾರ್ಟಿನಿಯೊಳಕ್ಕೆ ಕೂರುವಂಥದ್ದಲ್ಲ. ಆದರೂ ಅದರ ಗುಂಡು ಕಿತ್ತು ಮಾರ್ಟಿನಿಯ ಕೇಸಿಗೆ ತುಂಬಬಹುದೆಂಬ ಅಂಜಿಕೆ ಸರ್ಕಾರಕ್ಕಿತ್ತು. 20ನೇ ಶತಮಾನದ ಮೊದಲ ದಶಕದಲ್ಲಿ .450 ಬೋರಿನ ರೈಫಲ್, ತೋಟಾಗಳನ್ನು ಭಾರತಕ್ಕೂ ಸುಡಾನ್‌ಗೂ ತರುವುದು ನಿಷೇಧವಾಯಿತು. ಗಡಿಯ ಗುಡಿಸಲಲ್ಲಿ ಕೂತು ಕೇಸು ತುಂಬುತ್ತಿದ್ದವನ ಭಯಕ್ಕೆ ಲಂಡನ್ನಿನ ಕಂಪನಿಗಳು ತಮ್ಮ ಅಳತೆಗೋಲನ್ನೇ ಬದಲಿಸಬೇಕಾಯಿತು.

ಜೋಸೆಫ್ ಲ್ಯಾಂಗ್ ಕಂಪನಿಯ .470, ಹಾಲೆಂಡ್ ಅಂಡ್ ಹಾಲೆಂಡ್‌ನ .465, ವೆಸ್ಟ್ಲಿ ರಿಚರ್ಡ್ಸ್‌ನ .476 ಚಲಾವಣೆಗೆ ಬಂದವು. .450ಕ್ಕೂ .470ಕ್ಕೂ ಗುಂಡಿನ ಅಗಲದಲ್ಲಿ ವ್ಯತ್ಯಾಸ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಕಾಟಿಗೆ ಆ ಭೇದ ತಿಳಿಯುವಂತಿರಲಿಲ್ಲ, ಕಸ್ಟಮ್ಸ್ ಅಧಿಕಾರಿಗೆ ತಿಳಿಯುತ್ತಿತ್ತು. ಹೀಗೆ ಒಂದೇ ಕೆಲಸಕ್ಕೆ ಐದಾರು ಕ್ಯಾಲಿಬರ್‌ಗಳು ಹುಟ್ಟಿದವು, ಪ್ರತಿಯೊಂದಕ್ಕೂ ಬೇರೆ ತೋಟಾ ಬೇಕಾಯಿತು.

.303ರ ಕತೆಯೂ ಇಂಥದ್ದೇ. ಸೇನೆಯ ತೋಟಾ ನಾಗರಿಕರಿಗೆ ಸಿಗಬಾರದು ಎಂಬ ನೀತಿಯಿಂದ ‘ಪ್ರೊಹಿಬಿಟೆಡ್ ಬೋರ್’ ಎಂಬ ಮಾತು ಹುಟ್ಟಿ ಇಂದಿಗೂ ಪರವಾನಗಿ ಕಚೇರಿಗಳಲ್ಲಿ ಚಾಲ್ತಿಯಲ್ಲಿದೆ. ಬರ್ಮಿಂಗ್‌ಹ್ಯಾಮ್‌ನ ಬಿಎಸ್‌ಎ ಕಂಪನಿ ಸೇನೆಯ ಲೀ ರೈಫಲ್‌ನ ಒಡಲಿಗೇ .315ರ ನಳಿಗೆ ಜೋಡಿಸಿ ನಾಗರಿಕರಿಗೆ ಮಾರಿತು. ಸ್ವಾತಂತ್ರ್ಯದ ನಂತರವೂ ಇಛಾಪುರದ ಸರ್ಕಾರಿ ಕಾರ್ಖಾನೆ ಅದನ್ನೇ ಮುಂದುವರಿಸಿತು, ಅದರ ತೋಟಾ ಪುಣೆಯ ಖಡ್ಕಿಯಲ್ಲಿ ತಯಾರಾಗುತ್ತಾ ಬಂದಿದೆ. ಬೇರೆ ದೇಶಗಳಲ್ಲಿ ಯಾರೂ ಕೇಳದ .315 ಇಲ್ಲಿ ಸುಲಭ, ಜಗತ್ತಿನಾದ್ಯಂತ ಸಿಗುವ .303 ಇಲ್ಲಿ ನಾಗರಿಕನಿಗೆ ನಿಷಿದ್ಧ. ಖಡ್ಕಿಯಲ್ಲಿ ತೋಟಾ ಆಗುವವರೆಗೆ ಮಾತ್ರ .315 ಜೀವಂತ.

ಬೇಟೆಯ ದೊಡ್ಡ ರೈಫಲ್‌ಗಳಿಗೆ ಆ ಆಸರೆಯೂ ಇರಲಿಲ್ಲ. ಅವುಗಳ ತೋಟಾ ಬಹುಪಾಲು ಬರ್ಮಿಂಗ್‌ಹ್ಯಾಮ್‌ನ ಕೈನಾಕ್ ಕಾರ್ಖಾನೆಯದು. ವಸಾಹತುಗಳು ಸ್ವತಂತ್ರವಾಗಿ ಗಿರಾಕಿಗಳು ಕರಗಿದಾಗ, 1960ರ ದಶಕದಿಂದ ಕೈನಾಕ್ ಅವುಗಳನ್ನು ಒಂದೊಂದಾಗಿ ಕೈಬಿಟ್ಟಿತು. 1972ರ ವನ್ಯಜೀವಿ ಕಾಯ್ದೆ ಭಾರತದಲ್ಲಿ ಬೇಟೆಗೇ ತೆರೆ ಎಳೆಯಿತು. 1980ರ ದಶಕದ ಮಧ್ಯದಲ್ಲಿ ನಾಗರಿಕರಿಗೆ ಕೋವಿಗಳ ಆಮದೂ ಹೆಚ್ಚುಕಡಿಮೆ ನಿಂತಿತು. ಅರಮನೆಗಳಲ್ಲಿ, ಕಾಫಿ ತೋಟದ ಬಂಗಲೆಗಳಲ್ಲಿ ಉಳಿದ ರೈಫಲ್‌ಗಳು ಮೂಕವಾದವು.

ಕೆಲವು ಹೆಸರಿನ ಬಲದಿಂದ ಬದುಕಿದವು. ಚಂಪಾವತ್‌ನ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ ಜಿಮ್ ಕಾರ್ಬೆಟ್ ಅವರಿಗೆ 1907ರಲ್ಲಿ ಉಡುಗೊರೆಯಾಗಿ ಸಿಕ್ಕ .275 ರಿಗ್ಬಿಯ ತೋಟಾ, ಜರ್ಮನಿಯ 7 ಮಿ.ಮೀ. ಮೌಸರ್‌ನದೇ ಇನ್ನೊಂದು ಹೆಸರು. ಮೌಸರ್ ತೋಟಾ ಇಂದಿಗೂ ತಯಾರಾಗುತ್ತದೆ. ಇದಕ್ಕೆ ವಿರುದ್ಧವಾಗಿ .450/400 ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಉದ್ದದ ಕೇಸುಗಳಿವೆ, ಒಂದರದು ಇನ್ನೊಂದಕ್ಕೆ ಆಗದು. ಹೆಸರು ನಂಬಿ ತೋಟಾ ತರಿಸಿದವನಿಗೆ ಅಪಾಯ ತಪ್ಪಿದ್ದಲ್ಲ.

ಅಮೆರಿಕ, ಬ್ರಿಟನ್ನಿನ ಹವ್ಯಾಸಿಗಳು ಕೇಸುಗಳನ್ನು ಮತ್ತೆ ತುಂಬಿಸಿ ಇಂಥ ರೈಫಲ್‌ಗಳನ್ನು ಉಳಿಸಿಕೊಂಡರು. ಶಾಟ್‌ಗನ್ನಿನ ಹಿತ್ತಾಳೆ ಕೇಸಿಗೆ ಮಾರ್ಟಿನಿಯ ಆಕಾರ ಕೊಟ್ಟವರೂ ಇದ್ದಾರೆ. ಅವರನ್ನು ಕಾಡುವುದು ಬುಡದ ಕೇಪು. ಬಾಕ್ಸರ್ ಎಂಬ ಇಂಗ್ಲಿಷ್ ಅಧಿಕಾರಿ ರೂಪಿಸಿದ ಬಗೆಯನ್ನು ಅಮೆರಿಕ ಒಪ್ಪಿಕೊಂಡಿತು, ಬರ್ಡನ್ ಎಂಬ ಅಮೆರಿಕನ್ನನ ಬಗೆಯನ್ನು ಬ್ರಿಟನ್ ಒಪ್ಪಿಕೊಂಡಿತು. ಬರ್ಡನ್ ಕೇಪು ತೆಗೆಯುವುದು ಕಷ್ಟ, ಹೊಸದು ಸಿಗುವುದು ಇನ್ನೂ ಕಷ್ಟ. ಜೊತೆಗೆ ಹಳೆಯ ಕೇಪುಗಳಲ್ಲಿದ್ದ ಪಾದರಸ ಹಿತ್ತಾಳೆಯನ್ನು ಪೆಡಸು ಮಾಡಿ ಮರುಬಳಕೆಗೆ ಬಾರದಂತೆ ಮಾಡುತ್ತಿತ್ತು. ಇಂಥ ಹವ್ಯಾಸಿಗಳ ಬೇಡಿಕೆಯಿಂದಲೇ 1990ರ ದಶಕದಲ್ಲಿ ಕೈನಾಕ್ ಹೆಸರಿನ ತೋಟಾಗಳು ಮತ್ತೆ ಹುಟ್ಟಿದವು, .405 ಕೂಡ ಈ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಮರಳಿ ಬಂತು.

ಭಾರತದಲ್ಲಿ ಆ ದಾರಿ ಇಲ್ಲ. 1959ರ ಶಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ತಯಾರಿಕೆಯ ಪರವಾನಗಿ ಇಲ್ಲದವರು ಮದ್ದುಗುಂಡು ಮಾಡುವಂತಿಲ್ಲ. ಗಡಿಯ ಕಮ್ಮಾರನ ಬಗ್ಗೆ ಬ್ರಿಟಿಷರಿಗಿದ್ದ ಅಂಜಿಕೆ ಸ್ವತಂತ್ರ ಸರ್ಕಾರಕ್ಕೂ ಬಳುವಳಿಯಾಗಿ ಬಂದಿದೆ. ಅದು ಬುಡವಿಲ್ಲದ ಅಂಜಿಕೆ ಎನ್ನುವಂತೆಯೂ ಇಲ್ಲ.

ಅಜ್ಜನ ರೈಫಲ್ ಪಾಲಿಗೆ ಬಂದ ಮೊಮ್ಮಗನಿಗೆ ಉಳಿಯುವುದು ಕಾಗದಪತ್ರದ ಕೆಲಸ. ಪರವಾನಗಿಯನ್ನು ತನ್ನ ಹೆಸರಿಗೆ ಮಾಡಿಸಿ ನವೀಕರಿಸುತ್ತಿರಬೇಕು, ಚುನಾವಣೆ ಬಂದು ಆದೇಶವಾದಾಗ ಠಾಣೆಗೆ ಒಪ್ಪಿಸಿ ಮರಳಿ ತರಬೇಕು. ಬೇಡವಾದರೆ ಪರವಾನಗಿ ಇರುವ ಡೀಲರಿಗೋ ಸರ್ಕಾರಕ್ಕೋ ಕೊಡಬೇಕು. ಪರವಾನಗಿಯಲ್ಲಿ ಕೋವಿಯ ವಿವರಕ್ಕೂ ಕೊಂಡ ತೋಟಾಗಳ ಲೆಕ್ಕಕ್ಕೂ ಬೇರೆ ಬೇರೆ ಜಾಗವಿರುತ್ತದೆ. ಇಂಥ ಮನೆಗಳಲ್ಲಿ ಮೊದಲನೆಯದು ತಲೆಮಾರಿನಿಂದ ತಲೆಮಾರಿಗೆ ಹೊಸದಾಗಿ ಬರೆಸಿಕೊಳ್ಳುತ್ತದೆ, ಎರಡನೆಯದು ಖಾಲಿಯೇ ಉಳಿಯುತ್ತದೆ.