ಸೋತ ಪಟ್ಟಣದ ಮುಖಗಳು

ಶ್ರೀರಂಗಪಟ್ಟಣದ ಕೋಟೆ ಬಿದ್ದದ್ದು 1799ನೆಯ ಇಸವಿ ಮೇ 4ರಂದು. ಆ ದಿನದ ಕದನವನ್ನು ಕುರಿತು ಬೇಕಾದಷ್ಟು ಬರೆದಿದ್ದಾರೆ. ಗೋಡೆ ಎಲ್ಲಿ ಒಡೆಯಿತು, ಮೊದಲು ಏರಿದವರು ಯಾರು, ಸುಲ್ತಾನನ ದೇಹ ಎಲ್ಲಿ ಸಿಕ್ಕಿತು ಎಂಬುದೆಲ್ಲ ನಮಗೆ ಬಾಯಿಪಾಠ. ಕದನ ಮುಗಿದ ಮೇಲೆ ಆ ಊರಿಗೆ ಬಂದ ಒಬ್ಬ ಮುಖಚಿತ್ರಕಾರನ ವಿಷಯ ಮಾತ್ರ ಹೇಳುವವರು ವಿರಳ. ಆತನ ಹೆಸರು ಥಾಮಸ್ ಹಿಕ್ಕಿ. ಆತನ ಕುಂಚದ ಎದುರು ಕುಳಿತವರಲ್ಲಿ ಒಬ್ಬರು ಪಟ್ಟಣದ ಸಾಕ್ಷಾತ್ ಆಡಳಿತಗಾರರಾದ ದಿವಾನ್ ಪೂರ್ಣಯ್ಯನವರು. ಮುಖ ಬರೆಯುವವನಿಗೂ ನಾಡನ್ನು ಆಳುವವರಿಗೂ ನಡುವೆ ಏನು ನಡೆಯುತ್ತದೆ ಎಂಬುದೇ ಈ ಹೊತ್ತಿನ ನನ್ನ ಮಾತಿನ ವಸ್ತು.

ಇಂದು ತಾಲ್ಲೂಕು ಪಟ್ಟಣದ ಪೇಟೆಬೀದಿಯಲ್ಲಿ ಸ್ಟುಡಿಯೋ ಇಟ್ಟ ಫೋಟೋಗ್ರಾಫರನು ಮಾಡುವ ಕೆಲಸವನ್ನೇ ಹಿಕ್ಕಿ ಮಾಡುತ್ತಿದ್ದ. ವ್ಯತ್ಯಾಸವಿಷ್ಟೆ: ಛಾಯಾಚಿತ್ರದ ವಿದ್ಯೆ ಜಗತ್ತಿಗೆ ಪ್ರಕಟವಾದದ್ದು 1839ರಲ್ಲಿ, ಆ ವೇಳೆಗೆ ಹಿಕ್ಕಿ ತೀರಿಕೊಂಡು ಹದಿನೈದು ವರ್ಷಗಳಾಗಿದ್ದುವು. ಐರ್ಲೆಂಡಿನ ಡಬ್ಲಿನ್ ನಗರದಲ್ಲಿ 1741ರಲ್ಲಿ ಹುಟ್ಟಿದ ಈತನದು ಅಲೆದಾಟದ ಬಾಳು. 1780ರಲ್ಲಿ ಇಂಡಿಯಾಕ್ಕೆ ಹೊರಟ ಹಡಗು ಶತ್ರುಗಳ ನೌಕಾಪಡೆಗೆ ಸಿಕ್ಕಿಬಿದ್ದುದರಿಂದ ಕೆಲವು ವರ್ಷ ಲಿಸ್ಬನ್ನಿನಲ್ಲಿ ಕಳೆಯಬೇಕಾಯಿತು. 1784ರಲ್ಲಿ ಕಲ್ಕತ್ತೆ ತಲಪಿದ. ಮುಂದೆ ಮೆಕಾರ್ಟ್ನಿಯ ರಾಯಭಾರದೊಡನೆ ಚೀನಾ ದೇಶವನ್ನೂ ಕಂಡುಬಂದ. 1798ರಲ್ಲಿ ಮದರಾಸಿಗೆ ಬಂದಿಳಿದಾಗ ವಯಸ್ಸು ಅರವತ್ತರ ಹತ್ತಿರ. ಮರುವರ್ಷವೇ ಶ್ರೀರಂಗಪಟ್ಟಣ ಬಿತ್ತು. ಮುದಿ ಕಲಾವಿದನಿಗೆ ಕೈತುಂಬ ಕೆಲಸ ದೊರೆಯಿತು.

ಗೆದ್ದವರಿಗೆ ತಮ್ಮ ಮುಖಗಳು ಬೇಕಾಗಿದ್ದುವು. ಐವತ್ತಕ್ಕೂ ಹೆಚ್ಚು ಮಂದಿ ಇಂಗ್ಲಿಷ್ ಅಧಿಕಾರಿಗಳ ಮುಖಗಳನ್ನು ಹಿಕ್ಕಿ ಸೀಮೆಸುಣ್ಣದಲ್ಲಿ ಬರೆದ. ಮೈಸೂರು ಯುದ್ಧದ ಮಹಾಘಟನೆಗಳನ್ನು ಏಳು ದೊಡ್ಡ ಪಟಗಳಲ್ಲಿ ಚಿತ್ರಿಸಬೇಕೆಂಬುದು ಅವನ ಹಂಬಲ. ಆ ಹಂಬಲ ಕೈಗೂಡಲಿಲ್ಲ. ಅದಕ್ಕಾಗಿ ನಾನೇನೂ ದುಃಖಿಸುವುದಿಲ್ಲ. ವಿಜಯದ ಪಟಗಳನ್ನು ಬರೆಯಲು ಬೇಕಾದಷ್ಟು ಜನರಿದ್ದರು. ಹಿಕ್ಕಿಯ ಹಿರಿಮೆ ಬೇರೆಡೆ ಇದೆ. ಆತ ಸೋತವರ ಕಡೆಗೂ ತಿರುಗಿ ನೋಡಿದ. ಟಿಪ್ಪುವಿನ ಮಕ್ಕಳನ್ನು ಕೆಲವೇ ವಾರಗಳಲ್ಲಿ ವೆಲ್ಲೂರಿನ ಕೋಟೆಗೆ ಸಾಗಿಸಿದರು. ಆ ರಾಜಕುಮಾರರ, ಅವರ ಕಡೆಯ ವಕೀಲರ ಮುಖಗಳು ಈತನ ಕೈಯಲ್ಲಿ ಮೂಡಿದುವು. ಸುಲ್ತಾನನನ್ನು ಮಾತ್ರ ಎದುರಿಗೆ ಕೂರಿಸಿಕೊಂಡು ಬರೆಯುವ ಭಾಗ್ಯ ಈತನಿಗೆ ಇರಲಿಲ್ಲ. ಆತ ಬರುವ ವೇಳೆಗೆ ಸುಲ್ತಾನ ಲಾಲ್‌ಬಾಗಿನ ಗುಂಬಜಿನಲ್ಲಿ ತಂದೆಯ ಬದಿಯಲ್ಲಿ ಮಲಗಿಯಾಗಿತ್ತು.

ಪೂರ್ಣಯ್ಯನವರ ಚಿತ್ರ ಸುಮಾರು 1801ರದು. ಹೈದರನ ಕಾಲದಲ್ಲಿ ಲೆಕ್ಕ ನೋಡಿ, ಟಿಪ್ಪುವಿನ ಕಾಲದಲ್ಲಿ ಮಂತ್ರಿಯಾಗಿ, ಟಿಪ್ಪು ಅಳಿದ ಮೇಲೆ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ನಾಡನ್ನು ನಡೆಸಿದವರು ಅವರು. ವರ್ಷಕ್ಕೆ ಏಳು ಲಕ್ಷ ವರಹ ಕಂಪೆನಿಗೆ ಸಲ್ಲಬೇಕು. ಯುದ್ಧದಿಂದ ಬಳಲಿದ ರೈತನ ಹೊಲ ಮತ್ತೆ ಬೆಳೆಯಬೇಕು. ಇವೆರಡರ ನಡುವೆ ದಾರಿ ಹುಡುಕಿಕೊಂಡ ಆಡಳಿತ ಅವರದು. ಕಾವೇರಿಯ ಮೇಲೆ ಕಲ್ಲುಕಂಬಗಳ ಸೇತುವೆಯನ್ನು ಕಟ್ಟಿಸಿ ಅದಕ್ಕೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರನ್ನಿಟ್ಟರು. ಕಟ್ಟಿದ್ದು ನಮ್ಮವರ ಕೈ, ಹೆಸರು ಗೆದ್ದವರದು. ಆ ಕಾಲದ ರಾಜಕಾರಣವೆಲ್ಲ ಈ ಒಂದು ಸೇತುವೆಯಲ್ಲಿದೆ. ಒಡೆಯನ ಅನ್ನ ಉಂಡು ಶತ್ರುವಿನ ಕೈ ಹಿಡಿದರೆಂದು ಅವರನ್ನು ಹಳಿಯುವವರುಂಟು. ಮುಳುಗುವ ನಾಡನ್ನು ಎತ್ತಿ ನಿಲ್ಲಿಸಿದರೆಂದು ಕೈಮುಗಿಯುವವರೂ ಉಂಟು. ಚಿತ್ರ ಈ ವ್ಯಾಜ್ಯವನ್ನು ತೀರಿಸುವುದಿಲ್ಲ. ಮೂರು ದೊರೆತನಗಳನ್ನು ಕಂಡವರು ಕ್ಷಣಕಾಲ ಕೆಲಸ ಬಿಟ್ಟು ಒಬ್ಬ ಪರದೇಶಿಯ ಎದುರು ಕುಳಿತರೆಂಬುದಕ್ಕೆ ಅದು ಸಾಕ್ಷಿ, ಅಷ್ಟೆ. ತೀರ್ಪು ಕೊಡುವ ಆತುರದಲ್ಲಿರುವ ನಮಗೆ ಆ ಸಾಕ್ಷ್ಯವೇ ಹೆಚ್ಚು ಉಪಕಾರಿ.

ಹಿಕ್ಕಿಯ ಇನ್ನೊಂದು ಚಿತ್ರ ಸುಮಾರು 1805ರದು. ಮೈಸೂರು ಅರಮನೆಯ ಮೂವರು ಸ್ತ್ರೀಯರು ಅದರಲ್ಲಿದ್ದಾರೆ. ಇವರು ನರ್ತಕಿಯರೆಂದೇ ಬಹುಕಾಲ ಭಾವಿಸಿದ್ದರು. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಬೇರೆ ಅರ್ಥ ಹೇಳಿದ್ದಾರೆ. ಬಲಗಡೆಯವಳು ಬಾಲರಾಜನ ಕಿರಿಯ ರಾಣಿ ದೇವಾಜಮ್ಮಣ್ಣಿ. ಸೀರೆಯ ಸೆರಗನ್ನು ಸರಿಸಿ ಆಕೆ ತೋರಿಸುತ್ತಿರುವುದು ಸಿಡುಬಿನ ದಾಕು ಹಾಕಿಸಿಕೊಂಡ ತೋಳಿನ ಜಾಗವನ್ನು ಎಂಬುದು ಅವರ ವಾದ. ಜೆನ್ನರನ ಗೋಸಿಡುಬಿನ ಮದ್ದು ಇಂಡಿಯಾದಲ್ಲಿ ಮೊದಲು ಫಲಿಸಿದ್ದು 1802ರಲ್ಲಿ, ಬೊಂಬಾಯಿಯ ಮೂರು ವರ್ಷದ ಮಗುವೊಂದರ ತೋಳಿನಲ್ಲಿ. ಜನಕ್ಕೆ ಅದರ ಭಯ ಬಹಳ. ರಾಣಿಯೇ ಹಾಕಿಸಿಕೊಂಡಳೆಂದರೆ ಪ್ರಜೆಗಳು ಅಂಜುವುದೇಕೆ? ಈ ಓದು ನಿಜವಾದರೆ, ಅಂತಃಪುರದ ಒಂದು ಮುಖಚಿತ್ರ ಸರ್ಕಾರದ ಡಂಗುರದ ಕೆಲಸವನ್ನು ಮಾಡಿತೆಂದು ಹೇಳಬೇಕು.

1816ರಲ್ಲಿ ಹಿಕ್ಕಿ ಬರೆದ ಕರ್ನಲ್ ಮೆಕೆಂಜಿಯ ಚಿತ್ರವಂತೂ ಕನ್ನಡಿಗರ ಮನೆಯದೇ. ಮೆಕೆಂಜಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದವನು. ಬಳಿಕ ಮೈಸೂರು ಸೀಮೆಯನ್ನು ಅಳೆದು, ಶಾಸನ ಕೈಫಿಯತ್ತುಗಳನ್ನು ಕೂಡಿಹಾಕಿದವನು. ಕೆಂಪು ಕೋಟಿನ ಅವನ ಸುತ್ತ ಮೂವರು ಭಾರತೀಯರು ನಿಂತಿದ್ದಾರೆ. ಅವರಲ್ಲಿ ಓಲೆಗರಿ ಹಿಡಿದವರು ಮಲೆಯೂರಿನ ಜೈನ ಪಂಡಿತ ಧರ್ಮಯ್ಯನವರೆಂದು ವಿದ್ವಾಂಸರು ಗುರುತಿಸಿದ್ದಾರೆ. ಹಿಂಬದಿಯ ಬೆಟ್ಟದ ಮೇಲೆ ಕಾರ್ಕಳದ ಗೊಮ್ಮಟ. ದೊರೆಯ ಚಿತ್ರವನ್ನು ಬರೆಯಹೋಗಿ, ದೊರೆಗೆ ಹಳಗನ್ನಡ ಓದಿ ಹೇಳಿದವರನ್ನೂ ಹಿಕ್ಕಿ ಉಳಿಸಿಕೊಟ್ಟ. ಧರ್ಮಯ್ಯನವರ ಕೈಯ ಓಲೆ ಇಲ್ಲದಿದ್ದರೆ ಮೆಕೆಂಜಿಯ ಸಂಗ್ರಹ ಎಲ್ಲಿರುತ್ತಿತ್ತು?

ಹಿಕ್ಕಿ 1824ರಲ್ಲಿ ಮದರಾಸಿನಲ್ಲಿ ಕಣ್ಣುಮುಚ್ಚಿದ. ಪೂರ್ಣಯ್ಯನವರು ಅದಕ್ಕೆ ಹನ್ನೆರಡು ವರ್ಷ ಮುಂಚೆಯೇ ಶ್ರೀರಂಗಪಟ್ಟಣದಲ್ಲಿ ತೀರಿಕೊಂಡಿದ್ದರು. ಆ ಮುಖಗಳು ಈಗ ಚೆಲ್ಲಾಪಿಲ್ಲಿಯಾಗಿವೆ. ಇಂಗ್ಲಿಷ್ ಅಧಿಕಾರಿಗಳು ವೆಲ್ಲಿಂಗ್ಟನ್ ಡ್ಯೂಕರ ಹಳ್ಳಿಮನೆಯಲ್ಲಿದ್ದಾರೆ. ರಾಜಕುಮಾರರು ಕಲ್ಕತ್ತೆಯ ವಿಕ್ಟೋರಿಯಾ ಸ್ಮಾರಕ ಭವನವನ್ನು ಸೇರಿದ್ದಾರೆ. ಮೆಕೆಂಜಿಯೂ ಪಂಡಿತರೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದ್ದಾರೆ. ಪೂರ್ಣಯ್ಯನವರು ಅಮೆರಿಕೆಯ ಯೇಲ್ ವಿಶ್ವವಿದ್ಯಾಲಯದ ಕಲಾಕೇಂದ್ರದಲ್ಲಿ. ದರಿಯಾ ದೌಲತ್ತಿನ ವಸ್ತುಸಂಗ್ರಹದಲ್ಲಿ ಹಿಕ್ಕಿಯ ಕೆಲವು ಪೆನ್ಸಿಲ್ ಚಿತ್ರಗಳು ನಮ್ಮ ಪಾಲಿಗೆ ಉಳಿದಿವೆ. ಆ ಅರಮನೆಗೆ ಹೋಗುವವರು ಪೊಳ್ಳಿಲೂರಿನ ಯುದ್ಧದ ಭಿತ್ತಿಚಿತ್ರವನ್ನು ಕಂಡು ಬೆರಗಾಗಿ ಹೊರಬರುತ್ತಾರೆ. ಹಾಗೆ ಹೊರಬರುವ ಮುನ್ನ ಈ ಮಂಕಾದ ಪೆನ್ಸಿಲ್ ರೇಖೆಗಳ ಮುಂದೆಯೂ ಒಂದು ಗಳಿಗೆ ನಿಲ್ಲಬೇಕೆಂದು ನನ್ನ ಕೋರಿಕೆ. ಗೋಡೆಯ ಮೇಲಿರುವುದು ಗೆದ್ದ ದಿನದ ಪಟ್ಟಣ. ಕಾಗದದ ಮೇಲಿರುವುದು ಸೋತ ಮರುದಿನ ಬದುಕಬೇಕಾಗಿ ಬಂದವರ ಮುಖ.