ಪ್ರೇಮಪತ್ರದ ಬಾಲ



ನಿಮ್ಮ ಮೇಲಧಿಕಾರಿಯಿಂದ ಪ್ರೇಮಪತ್ರ ಬಂದರೆ ತೆರೆದು ನೋಡದೆ ಇರುತ್ತೀರಾ? 2000ನೇ ಇಸವಿಯ ಮೇ 4, ಗುರುವಾರ, ಜಗತ್ತಿನ ಎಷ್ಟೋ ಕಚೇರಿಗಳಲ್ಲಿ ಇದೇ ನಡೆಯಿತು. ‘ಐ ಲವ್ ಯು’ ಎಂಬ ವಿಷಯದ ಇ-ಮೇಲ್, ಒಳಗೆ ಒಂದೇ ಸಾಲು, ಜೊತೆಗೊಂದು ಫೈಲು. ತೆರೆದವರಿಗೆ ಪತ್ರವೇನೂ ಸಿಗಲಿಲ್ಲ. ಕಂಪ್ಯೂಟರಿನಲ್ಲಿದ್ದ ಫೋಟೋಗಳು ಅಳಿದವು. ಮಗುವಿನ ಮೊದಲ ಹುಟ್ಟುಹಬ್ಬದ ಚಿತ್ರವಾದರೂ ಅಷ್ಟೇ, ಅದರ ಜಾಗದಲ್ಲಿ ಆ ಪ್ರೋಗ್ರಾಮೇ ಬಂದು ಕೂರುತ್ತಿತ್ತು. ಅಷ್ಟಕ್ಕೆ ಮುಗಿಯಲಿಲ್ಲ. ಔಟ್‌ಲುಕ್‌ನ ವಿಳಾಸ ಪುಸ್ತಕದಲ್ಲಿದ್ದ ಪ್ರತಿಯೊಬ್ಬರಿಗೂ ಅದೇ ಪ್ರೇಮಪತ್ರ ಹೋಗುತ್ತಿತ್ತು, ತೆರೆದವರ ಹೆಸರಿನಲ್ಲಿ!

ಮನಿಲಾದಲ್ಲಿ ಹೊರಟ ಈ ಪತ್ರ ಸೂರ್ಯನ ಹಿಂದೆಯೇ ಪಶ್ಚಿಮಕ್ಕೆ ನಡೆಯಿತು. ಹಾಂಗ್‌ಕಾಂಗ್, ಯೂರೋಪ್, ಆಮೇಲೆ ಅಮೆರಿಕ. ಎಲ್ಲಿ ಬೆಳಗಾಗಿ ಜನ ಕಚೇರಿಗೆ ಬಂದು ಕೂರುತ್ತಿದ್ದರೋ ಅಲ್ಲಿ ಅದು ಕಾದಿರುತ್ತಿತ್ತು. ಬ್ರಿಟನ್ನಿನ ಕಾಮನ್ಸ್ ಸಭೆ ತನ್ನ ಇ-ಮೇಲ್ ವ್ಯವಸ್ಥೆಯನ್ನೇ ಸ್ವಲ್ಪ ಕಾಲ ನಿಲ್ಲಿಸಬೇಕಾಯಿತು.

ಗುಟ್ಟು ಇದ್ದದ್ದು ಫೈಲಿನ ಹೆಸರಿನಲ್ಲಿ. ಪೂರ್ತಿ ಹೆಸರು ‘ಲವ್-ಲೆಟರ್-ಫಾರ್-ಯು.ಟಿಎಕ್ಸ್‌ಟಿ.ವಿಬಿಎಸ್’. ವಿಂಡೋಸ್ ತನಗೆ ಪರಿಚಯವಿರುವ ಬಾಲವನ್ನು ಮರೆಮಾಡಿ ತೋರಿಸುತ್ತಿತ್ತು. ಹಾಗಾಗಿ ಕೊನೆಯ ‘ವಿಬಿಎಸ್’ ಹೆಚ್ಚಿನವರ ಕಣ್ಣಿಗೆ ಬೀಳಲೇ ಇಲ್ಲ. ಟಿಎಕ್ಸ್‌ಟಿ ಎಂದರೆ ಓದುವ ಕಾಗದ, ವಿಬಿಎಸ್ ಎಂದರೆ ಓಡುವ ಪ್ರೋಗ್ರಾಂ. ಅನುಕೂಲವಾಗಲಿ ಎಂದು ಮಾಡಿದ ಏರ್ಪಾಡೇ ಕಳ್ಳನಿಗೆ ಮುಸುಕಾಯಿತು. ನನ್ನ ಮಟ್ಟಿಗೆ ತಪ್ಪಿನಲ್ಲಿ ಅರ್ಧ ಪಾಲು ಆ ಏರ್ಪಾಡಿನದು, ಕ್ಲಿಕ್ ಮಾಡಿದವರನ್ನು ಮಾತ್ರ ಬೈದು ಏನು ಫಲ?

ಆಗ ಸಾಮಾನ್ಯರಿಗೆ ಹೇಳಿಕೊಡುತ್ತಿದ್ದ ಪಾಠ, ‘ಗುರುತಿಲ್ಲದವರ ಮೇಲ್ ತೆರೆಯಬೇಡಿ’ ಎಂದು. ಅದು ಸಾಲದೆಂದು ಹಿಂದಿನ ವರ್ಷವೇ ಗೊತ್ತಾಗಿತ್ತು. 1999ರ ಮಾರ್ಚ್‌ನಲ್ಲಿ ಬಂದ ಮೆಲಿಸ್ಸಾ ವೈರಸ್ ವರ್ಡ್ ಫೈಲಿನಲ್ಲಿ ಅಡಗಿ, ವಿಳಾಸ ಪುಸ್ತಕದ ಮೊದಲ 50 ಮಂದಿಗೆ ‘ಮುಖ್ಯ ಸಂದೇಶ’ ಎಂದು ಹೋಗುತ್ತಿತ್ತು. ಅದನ್ನು ಬರೆದ ನ್ಯೂಜೆರ್ಸಿಯ ಡೇವಿಡ್ ಸ್ಮಿತ್‌ಗೆ 2002ರಲ್ಲಿ 20 ತಿಂಗಳ ಸೆರೆವಾಸವಾಯಿತು. ಆ ಸಂದೇಶವೂ ಬಂದದ್ದು ಗೆಳೆಯರಿಂದ, ಸಹೋದ್ಯೋಗಿಗಳಿಂದ. ಗುರುತಿದ್ದವರ ಹೆಸರೇ ಮೋಸದ ಬಂಡವಾಳ.

ಮನಿಲಾದ ವಿದ್ಯಾರ್ಥಿ ಓನೆಲ್ ಡಿ ಗುಜ್ಮನ್‌ಗೆ ಮಾತ್ರ ಯಾವ ಶಿಕ್ಷೆಯೂ ಆಗಲಿಲ್ಲ. ಫಿಲಿಪ್ಪೀನ್ಸ್‌ನಲ್ಲಿ ಆಗ ಅಂಥ ಕಾನೂನೇ ಇರಲಿಲ್ಲ. ಜೂನ್‌ನಲ್ಲಿ ಮಾಡಿದ ಕಾನೂನು ಮೇ ತಿಂಗಳ ಅಪರಾಧಕ್ಕೆ ಅನ್ವಯಿಸಲಿಲ್ಲ, ಆಗಸ್ಟ್‌ನಲ್ಲಿ ಮೊಕದ್ದಮೆ ಕೈಬಿಟ್ಟರು. ಇಂಟರ್ನೆಟ್‌ಗೆ ಕೊಡಲು ದುಡ್ಡಿರಲಿಲ್ಲ, ಇನ್ನೊಬ್ಬರ ಪಾಸ್‌ವರ್ಡ್ ಕದಿಯಲು ಬರೆದೆ ಎಂದು ಆತ ಒಪ್ಪಿಕೊಂಡದ್ದು ಲೋಕಕ್ಕೆ ತಿಳಿದದ್ದು 2020ರಲ್ಲಿ. ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಗೂ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು ಅದೇ 2000ದ ಜೂನ್‌ನಲ್ಲಿ. ಅಕ್ಟೋಬರ್ 17ರಂದು ಅದು ಜಾರಿಗೆ ಬಂತು. ವೈರಸ್ ಬಿಡುವವರಿಗೆ ಅದರ 43ನೇ ಸೆಕ್ಷನ್ ಇದೆ.

2001ರ ಫೆಬ್ರವರಿಯಲ್ಲಿ ಟೆನಿಸ್ ತಾರೆ ಅನ್ನಾ ಕುರ್ನಿಕೋವಾ ಫೋಟೋ ಎಂದು ಇನ್ನೊಂದು ಬಂತು. ಹೆಸರಿನ ಕೊನೆಗೆ ಅದೇ ವಿಬಿಎಸ್, ಜನ ಮತ್ತೆ ತೆರೆದರು.

ಈಗ ವೇಷ ಬೇರೆ. ವಾಟ್ಸಾಪ್‌ನಲ್ಲಿ ಮದುವೆ ಕರೆಯೋಲೆ ಎಂದು ಫೈಲು ಬರುತ್ತದೆ, ಕೊನೆಯಲ್ಲಿ ‘ಎಪಿಕೆ’ ಎಂದಿರುತ್ತದೆ. ಅದು ಕಾಗದವಲ್ಲ, ಫೋನಿಗೆ ಇಳಿಯುವ ಆ್ಯಪ್. ಪುಣೆಯಲ್ಲೋ ದೆಹಲಿಯಲ್ಲೋ ಕೂತು ಊರಿನ ಸುದ್ದಿಗೆ ಕಾಯುವ ನಾವು ಕರೆಯೋಲೆ ಕಂಡರೆ ತಡೆಯುತ್ತೇವೆಯೇ? ತೆರೆಯುವ ಮುಂಚೆ ಊರಿಗೊಂದು ಫೋನ್ ಮಾಡಿ, ಮದುವೆ ಯಾರದು ಅಂತ ಕೇಳಿಬಿಡಿ.